ವೆಜ್ ಗೋಡೆ, ನಾನ್‌ವೆಜ್ ಪೈಪು

ಬಂದ್ಯೋಡಿನ ಜಯಪಾಲಣ್ಣ ಕಟ್ಟಿಸಲಿಕ್ಕೆ ಹೊರಟ ಮದುವೆ ಹಾಲಿಗೆ ಎರಡು ಅಡುಗೆಮನೆ. ಒಂದು ಸಸ್ಯಾಹಾರದ್ದು, ಇನ್ನೊಂದು ಮೀನು-ಕೋಳಿಯದ್ದು. ಒಂದರ ಗಾಳಿ ಇನ್ನೊಂದಕ್ಕೆ ತಾಗಬಾರದು. ಗಲ್ಫಿನಲ್ಲಿ ಕಟ್ಟಡಗಳನ್ನು ಮೊದಲು ಕಂಪ್ಯೂಟರಿನೊಳಗೇ ಕಟ್ಟಿ ನೋಡುವುದನ್ನು ಕಂಡು ಬಂದವರು ಅವರು, ಇದೂ ಹಾಗೆಯೇ ಆಗಬೇಕೆಂದು ಮುಳ್ಳೇರಿಯದ ವಿಜೇತಾಳಿಗೆ ವಹಿಸಿದರು. ಬೇಕರಿಯ ಮೇಲಿನ ಅವಳ ಆಫೀಸಿಗೆ ಇದೇ ಮೊದಲ ದೊಡ್ಡ ಕೆಲಸ. "ಗುರುವಾರ ತೋರಿಸುವಾಗ ಒಂದು ತಪ್ಪು ಕಂಡರೂ ಕೆಲಸ ಕೊಚ್ಚಿಯ ಕಂಪನಿಯವರಿಗೆ," ಅಂತ ಹೇಳಿಯೇ ಹೋಗಿದ್ದರು.

ಗೋಡೆಗಳ ಮಾಡೆಲ್ ವಿಜೇತಾಳದ್ದು, ಪೈಪು ಮತ್ತು ಹೊಗೆಕೊಳವೆಗಳ ಮಾಡೆಲ್ ಜೊತೆಯವ ಲತೇಶನದ್ದು. ಎರಡನ್ನೂ ಲಿಂಕ್ ಮಾಡಿ ಒಂದೇ ಕಟ್ಟಡವಾಗಿ ನೋಡುವುದು. ಜಯಪಾಲಣ್ಣನ ಹಟದಿಂದಾಗಿ ಪ್ರತಿ ವಸ್ತುವಿಗೂ 'ವೆಜ್' ಎಂಬ ಒಂದು ಪ್ಯಾರಾಮೀಟರ್, ಟಿಕ್ ಹಾಕಿದರೆ ಹೌದು, ಹಾಕದಿದ್ದರೆ ಅಲ್ಲ. ಅಲ್ಲದ್ದೆಲ್ಲ ಕೆಂಪಾಗಿ ಕಾಣುವ ಹಾಗೆ ಒಂದು ಫಿಲ್ಟರ್.

"ಕಕ್ಕಸಿಗೆ ಎಂತ ಹಾಕುವುದು?" ಅಂದ ಲತೇಶ್. "ಎರಡೂ ಕಡೆಯವರು ಹೋಗ್ತಾರಲ್ಲ ಮಾರಾಯ್ತಿ."

ಜಯಪಾಲಣ್ಣನಿಗೆ ಫೋನ್ ಹೋಯಿತು. "ಎರಡು ಕಕ್ಕಸು ಮಾಡಿ," ಅಂದರು.

"ಸಿಡಿಲು ತಡೆಯುವ ಕಂಬಿ?"

ಅವರು ಸ್ವಲ್ಪ ಯೋಚಿಸಿದರು. "ಸಿಡಿಲು ವೆಜ್."

ಬುಧವಾರ ಫಿಲ್ಟರ್ ಹಾಕಿದರೆ ಮೀನಿನ ಅಡುಗೆಮನೆಯ ಗೋಡೆಗಳು ಕೆಂಪಾದವು, ಲತೇಶನ ಪೈಪುಗಳಲ್ಲಿ ಒಂದೂ ಆಗಲಿಲ್ಲ. ನೋಡಿದರೆ ಅವನು ತನ್ನ ಮಾಡೆಲಿನಲ್ಲಿ ತಾನೇ ಒಂದು 'ವೆಜ್' ಹುಟ್ಟಿಸಿಕೊಂಡಿದ್ದ.

"ಹೆಸರು ಒಂದೇ ಅಲ್ವಾ?" ಅಂದ ಲತೇಶ್.

"ಸಂಬಂಧ ಕೇಳ್ಲಿಕ್ಕೆ ಹೋದವರು ಹೆಸರು ಕೇಳಿ ಎದ್ದು ಬರ್ತಾರಾ? ಯಾವ ಬರಿ, ಯಾವ ಕುಲ ಅಂತ ಕೇಳುವುದಿಲ್ವಾ? ನಿನ್ನದು ಬೇರೆ ತಾಯಿಯ ಮಗು. ಇಬ್ಬರೂ ಒಂದೇ ಫೈಲಿನಿಂದ ತಂದರೆ ಮಾತ್ರ ಅದು ಒಂದು."

ಲತೇಶ್ ತನ್ನದನ್ನು ಅಳಿಸಿ, ಹಂಚಿಕೊಂಡ ಫೈಲಿನಿಂದ ತಂದು, ಗೊಣಗಿಕೊಂಡೇ ವೆಜ್ ಆದದ್ದಕ್ಕೆಲ್ಲ ಮತ್ತೆ ಟಿಕ್ ಹಾಕಿದ.

ಗುರುವಾರ ಜಯಪಾಲಣ್ಣ ಹೆಂಡತಿ ದಮಯಂತಿಯ ಜೊತೆ ಬಂದರು. ಹೆದ್ದಾರಿ ಅಗಲವಾಗುವಾಗ ಹಾಲಿನ ಜಾಗ ಉಳಿದರೆ ಜನ್ಮದಲ್ಲಿ ಇನ್ನು ಮೀನು ಮುಟ್ಟುವುದಿಲ್ಲ ಎಂದು ಜಯಪಾಲಣ್ಣ ದೈವಕ್ಕೆ ಹೇಳಿಕೊಂಡಿದ್ದರು. ಜಾಗ ಉಳಿಯಿತು. ಗಂಡನ ಹರಕೆಯ ಸುದ್ದಿಯನ್ನು ದಮಯಂತಿ ನೆಂಟರಿಷ್ಟರಿಗೆಲ್ಲ ಮುಟ್ಟಿಸಿಯೂ ಆಗಿತ್ತು.

ವಿಜೇತಾ ಫಿಲ್ಟರ್ ಒತ್ತಿದಳು. ಮೀನಿನ ಅಡುಗೆಮನೆ ಕೆಂಪು, ಅದರ ಹೊಗೆಕೊಳವೆಯೂ ಕೆಂಪು. ಅಲ್ಲಿಂದ ಸಪೂರದ ಒಂದು ಕೆಂಪು ಗೆರೆ ಹೊರಟು, ಸ್ಟೋರ್ ರೂಮಿನ ಮೇಲಿಂದ ತಿರುಗಿ, ಜಯಪಾಲಣ್ಣನ ಸ್ವಂತ ಆಫೀಸಿಗೆ ಇಳಿದು, ಅಲಮಾರಿಯ ಹಿಂದಿನ ಪುಟ್ಟ ಒಲೆಯ ಮೇಲೆ ನಿಂತಿತು.

ಲತೇಶ್ ಫ್ಯಾನ್ ನೋಡುತ್ತಾ ಕೂತ. ಅಲ್ಲೊಂದು ಒಲೆಗೆ ಕೊಳವೆ ಎಳೆ, ಯಾರಿಗೂ ಹೇಳಬೇಡ ಅಂತ ಜಯಪಾಲಣ್ಣ ಅವನಿಗೆ ಫೋನಿನಲ್ಲಿ ಹೇಳಿದ್ದರು. ಅವನು ಹೇಳಿರಲಿಲ್ಲ. ಅದಕ್ಕೆ ವೆಜ್ ಎಂಬ ಟಿಕ್ಕನ್ನೂ ಹಾಕಿರಲಿಲ್ಲ.

"ಇದು ಫಿಲ್ಟರಿನ ತಪ್ಪು, ಅಲ್ವಾ ವಿಜೇತಾ?" ಜಯಪಾಲಣ್ಣನ ಸ್ವರ ಬೆಣ್ಣೆಯ ಹಾಗಿತ್ತು.

ಹೌದೆಂದರೆ ಕೆಲಸ ಕೊಚ್ಚಿಗೆ. ಅಲ್ಲವೆಂದರೆ ಈ ಮನುಷ್ಯ ಇವತ್ತು ಮನೆಗೆ ಹೋಗುವ ಹಾಗಿಲ್ಲ, ಸಹಿ ಹಾಕುವುದಂತೂ ದೂರ.

"ಫಿಲ್ಟರ್ ಸರಿ ಉಂಟು, ಜಯಪಾಲಣ್ಣ."

ದಮಯಂತಿ ಕನ್ನಡಕ ಹಾಕಿಕೊಂಡು ಎದ್ದು, ಒಲೆಯಿಂದ ಅಡುಗೆಮನೆಯವರೆಗೆ ಬೆರಳಿನಲ್ಲಿ ಗೆರೆ ಹಿಡಿದು ಹೋದರು.

"ಸಹಿ ಹಾಕಿ," ಅಂದರು ಗಂಡನಿಗೆ. "ನನ್ನ ಮೂಗಿಗೆ ಸಿಗದ್ದನ್ನು ಈ ಹುಡುಗಿ ಹಿಡಿದಿದ್ದಾಳೆ. ಇನ್ನು ಕಾಂಟ್ರಾಕ್ಟರ್ ಎಂತ ಅಡಗಿಸಿಯಾನು?" ಆಮೇಲೆ ಒಲೆಯ ಪಕ್ಕ ಬೆರಳಿಟ್ಟರು. "ಇಲ್ಲಿ ನಿಂತವನು ಯಾರು?"

"ಯಾರೂ ಅಲ್ಲ ಅಕ್ಕ. ಅಳತೆ ತಿಳಿಯಲಿ ಅಂತ ನಿಲ್ಲಿಸಿದ ಮನುಷ್ಯ."

"ಅವನು ವೆಜ್ಜಾ?"

ವಿಜೇತಾ ಟಿಕ್ ತೆಗೆದಳು. ಮನುಷ್ಯ ತಲೆಯಿಂದ ಕಾಲಿನವರೆಗೆ ಕೆಂಪಾದ.

ಜಯಪಾಲಣ್ಣ ಪೆನ್ನು ಹಿಡಿದು ಅವನನ್ನೇ ನೋಡಿದರು. "ಸೋಮವಾರ ಮಾತ್ರ ಇವನು ಕೆಂಪಾಗದ ಹಾಗೆ ಮಾಡ್ಲಿಕ್ಕೆ ಆಗ್ತದಾ ಮಾರಾಯ್ತಿ?"

"ಆಗ್ತದೆ," ಅಂದಳು ವಿಜೇತಾ. "ಮೊದಲು ಸಹಿ ಹಾಕಿ."