ಒಂದೇ ಅಚ್ಚು, ಎರಡು ವಯಸ್ಸು

ಅಕ್ಕ ತಂಗಿ ಅವಳಿಗಳು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರು. ಒಂದಿಷ್ಟು ಮುಂಚೆ ಹುಟ್ಟಿದ ತಪ್ಪಿಗೆ ಒಬ್ಬಳು ಜೀವಮಾನವಿಡೀ ಅಕ್ಕನಾದಳು. ಅಕ್ಕ ಕನ್ನಡಕದಂಗಡಿಯಲ್ಲಿ ಗಾಜಿನ ಅಂಚು ಉಜ್ಜಿ ಚೌಕಟ್ಟಿಗೆ ಕೂರಿಸುವವಳು. ತಂಗಿ ಜಿಮ್‌ನಲ್ಲಿ ತರಬೇತಿ ಕೊಡುವವಳು. ತಕ್ಕಡಿಯಲ್ಲಿ ತೂಗಿ ಉಣ್ಣುವ ಪೈಕಿ.

ಹೋದ ವರ್ಷ ಅಕ್ಕನ ಗಂಡ ಬಸ್ಸಿಗೆ ಕಾಯುತ್ತ ನಿಂತವನು ನಿಂತಲ್ಲೇ ಕುಸಿದು ತೀರಿಕೊಂಡ. ಅಂದಿನಿಂದ ಅಕ್ಕನಿಗೆ ಅಳುವೂ ಇಲ್ಲ, ಹಸಿವೂ ಇಲ್ಲ. ಗಾಜು ಬೆರಳು ಕೊಯ್ದರೆ, ರಕ್ತ ಕಂಡ ಮೇಲೆಯೇ ಓಹೋ ಕೊಯ್ದಿದೆ ಎಂದುಕೊಳ್ಳುವಳು. ತಂಗಿ ತನ್ನ ಬಾಡಿಗೆ ಕೋಣೆ ಬಿಟ್ಟು ಬಂದು ಅವಳ ಮಂಚದ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡಳು. ತಟ್ಟೆ ಮುಂದಿಟ್ಟರೆ ಅಕ್ಕ ತಿನ್ನುವಳು, ದೀಪ ಆರಿಸಿದರೆ ಮಲಗುವಳು.

ಜೀನ್ ಪರೀಕ್ಷೆ ಮಾಡಿ ಅವರವರ ಮೈಗೆ ಒಗ್ಗುವ ಊಟ, ವ್ಯಾಯಾಮ ಗೊತ್ತುಮಾಡುವ ಚಿಕಿತ್ಸಾಲಯವೊಂದು ಜಿಮ್‌ನ ಪಕ್ಕದಲ್ಲೇ ಶುರುವಾಯಿತು. ಅಕ್ಕನನ್ನು ಹೇಗಾದರೂ ಎಬ್ಬಿಸಬೇಕೆಂದು ತಂಗಿ ಅವಳನ್ನು ಅಲ್ಲಿಗೆ ಎಳೆದುಕೊಂಡು ಹೋದಳು. ಇಬ್ಬರೂ ನಳಿಕೆಗೆ ಉಗುಳಿದರು, ರಕ್ತ ಕೊಟ್ಟರು.

"ಉಗುಳಿದ್ದಕ್ಕೂ ಥ್ಯಾಂಕ್ಸ್ ಹೇಳೋ ಜಾಗ ಇದೊಂದೇ ಇರ್ಬೇಕು," ಎಂದಳು ತಂಗಿ. ಅಕ್ಕ ನಗಲಿಲ್ಲ.

ಫಲಿತಾಂಶ ಬಂದ ದಿನ ಡಾಕ್ಟರಮ್ಮ ಇಬ್ಬರನ್ನೂ ಎದುರು ಕೂರಿಸಿಕೊಂಡರು. "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಅದು ನಿಮ್ಮಿಬ್ಬರಿಗೂ ಒಂದೇ. ಆದ್ರೆ ಊಟ, ನಿದ್ದೆ, ಚಿಂತೆ ಎಲ್ಲಾ ಜೀನ್ ಮೇಲೆ ಗುರುತು ಹಾಕ್ತಾ ಹೋಗುತ್ತೆ. ಯಾವ ಜೀನ್ ಕೆಲಸ ಮಾಡ್ಬೇಕು, ಯಾವುದು ಸುಮ್ನಿರ್ಬೇಕು ಅನ್ನೋದು ಆ ಗುರುತಿನ ಮೇಲಿದೆ. ಅದನ್ನ ನೋಡಿ ಮೈಯ ವಯಸ್ಸು ಅಂದಾಜು ಮಾಡ್ತೀವಿ. ಒಬ್ಬರದು ಸರಿಯಾಗಿದೆ. ಇನ್ನೊಬ್ಬರ ಮೈ ಎಂಟು ವರ್ಷ ಮುಂದೆ ಓಡಿದೆ."

ತಂಗಿ ಅಕ್ಕನ ಕೈ ಹಿಡಿದಳು. "ಹೆದರ್ಬೇಡ, ನಾನಿದ್ದೀನಿ."

"ಅವರದ್ದಲ್ಲ," ಎಂದರು ಡಾಕ್ಟರಮ್ಮ. "ನಿಮ್ಮದು."

ನಳಿಕೆ ಅದಲುಬದಲಾಗಿರಬೇಕೆಂದು ತಂಗಿ ಹಟ ಹಿಡಿದಳು. ಮತ್ತೊಮ್ಮೆ ಮಾಡಿಸಿದರು, ಮತ್ತೆ ಅದೇ ಬಂತು.

"ನಿದ್ದೆ ಹೇಗೆ ಮಾಡ್ತೀರಿ?" ಎಂದು ಡಾಕ್ಟರಮ್ಮ ಅವಳನ್ನು ಕೇಳಿದರು.

ತಂಗಿ ಮೇಜಿನ ಅಂಚು ನೋಡುತ್ತ ಹೇಳಿದಳು: "ಮಾಡಲ್ಲ. ಇವಳ ಉಸಿರು ಕೇಳಿಸ್ಕೊಂಡು ಬಿದ್ದಿರ್ತೀನಿ. ಭಾವ ಹೋದ ಹಾಗೆ ಇವಳೂ ಹೋಗ್ಬಿಟ್ರೆ ಅಂತ. ಬೆಳಗ್ಗೆ ಎದ್ದು ಓಡ್ತೀನಿ, ಇಲ್ಲಾಂದ್ರೆ ನಿಲ್ಲೋಕಾಗಲ್ಲ. ಆಮೇಲೆ ದಿನವಿಡೀ ಕಾಫಿ."

"ಇದೇ ಕಾರಣ ಅಂತ ನಾನು ಆಣೆ ಮಾಡಿ ಹೇಳಲ್ಲ," ಎಂದರು ಡಾಕ್ಟರಮ್ಮ. "ಆದ್ರೆ ನಿಮ್ಮಿಬ್ಬರ ಜೀನಿಗೂ ಕಾಫಿ ಕರಗೋದು ನಿಧಾನ. ಮಧ್ಯಾಹ್ನದ ಮೇಲೆ ಬೇಡ. ಓಟ ನಿಲ್ಲಿಸಿ, ನಡೀರಿ. ಹೊಟ್ಟೆ ತುಂಬ ತಿನ್ನಿ, ಮಲಗಿ."

ಅಕ್ಕನಿಗೆ ಇದೆಲ್ಲ ಪಕ್ಕದ ಮನೆಯ ಮಾತಿನಂತೆ ಕೇಳಿಸಿತು. ತನಗೀಗ ಕರುಳು ಚುರುಕ್ ಎನ್ನಬೇಕು ಎಂದು ಅವಳಿಗೆ ತಿಳಿದಿತ್ತು. ಕಾದಳು. ಏನೂ ಆಗಲಿಲ್ಲ.

ಆ ಸಂಜೆ ತಂಗಿ ಎಂದಿನಂತೆ ತಟ್ಟೆ ತಂದಿಟ್ಟಾಗ ಅಕ್ಕ ಅದನ್ನು ಅವಳತ್ತ ತಳ್ಳಿದಳು. "ಮೊದಲು ನೀನು ತಿನ್ನು."

ವರ್ಷದಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಊಟವಾದ ಮೇಲೆ ತಂಗಿಯ ಹಾಸಿಗೆಯನ್ನು ಸುತ್ತಿ, ಎತ್ತಿಕೊಂಡು ಹೋಗಿ ಆಚೆ ಕೋಣೆಯಲ್ಲಿ ಹಾಸಿದಳು.

"ಇದೇನೇ?"

"ನನ್ನ ಉಸಿರು ನಾನೇ ನೋಡ್ಕೋತೀನಿ."

ತಂಗಿ ಜಗಳವಾಡಿದಳು, ಅತ್ತಳು, ಬಾಗಿಲು ತೆರೆದಿಟ್ಟುಕೊಂಡೇ ಮಲಗಿದಳು. ಮೊದಮೊದಲು ಹೊರಳಾಡಿದಳು, ಬರಬರುತ್ತ ಗೊರಕೆ ಹೊಡೆಯತೊಡಗಿದಳು. ಅಕ್ಕ ಬೆಳಿಗ್ಗೆ ಅವಳನ್ನು ಎಬ್ಬಿಸಿ ವಾಕಿಂಗಿಗೆ ಹೊರಡಿಸುವಳು. ಓಡಲು ಹೊರಟರೆ ತೋಳು ಹಿಡಿದು ನಿಲ್ಲಿಸುವಳು.

ಆರು ತಿಂಗಳಿಗೆ ಮರುಪರೀಕ್ಷೆಯಾಯಿತು. ತಂಗಿಯ ಮೈಯ ವಯಸ್ಸಿನ ಅಂಕಿ ತುಸು ಇಳಿದಿತ್ತು. ಇಷ್ಟು ವ್ಯತ್ಯಾಸ ಅಳತೆಯದ್ದೂ ಇರಬಹುದು ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ ತಂಗಿ ಮುಖ ಊದಿಸಿಕೊಂಡಳು.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಅವಳು ಕೇಳಿದಳು: "ನಿಂಗೆ ಈಗ ಏನಾದ್ರೂ ಅನ್ಸುತ್ತಾ?"

ಅಕ್ಕ ಯೋಚಿಸಿದಳು. "ಇಲ್ಲ. ಅನ್ಸಿದಾಗ ಹೇಳ್ತೀನಿ. ಬೂಟು ಹಾಕ್ಕೋ, ಹೊತ್ತಾಯ್ತು."