ಮೂರು ಜನದ ಟೆಂಟು

ನನ್ನ ಗಂಡ ರವೀಂದ್ರ ಒಂದು ಬೆಲ್ಟು ಕೊಳ್ಳಬೇಕೆಂದರೂ ಇಡೀ ಪಾಂಡವಪುರ ಸುತ್ತುವವರು. ಅಂಥವರು ಜೀಪಿನ ನೆತ್ತಿಯ ಮೇಲೆ ಕೂರಿಸುವ ಟೆಂಟು ಆರಿಸಲು ಹೊರಟರೆ ನನ್ನ ಗತಿ ಏನಾಗಬೇಡ? ಎರಡು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಬಟ್ಟೆಯದೋ, ಗಟ್ಟಿ ಮುಚ್ಚಳದ್ದೋ? ಪಕ್ಕಕ್ಕೆ ತೆರೆಯುವುದೋ, ಹಿಂದಕ್ಕೋ? ನೀರಿನ ಕ್ಯಾನು, ಒಲೆ, ಹಗ್ಗ ಇಡುವ ಪೆಟ್ಟಿಗೆ ಜೀಪಿನ ಬೆನ್ನಿಗೋ, ಪಕ್ಕೆಗೋ? ತಟ್ಟೆಯ ಪಕ್ಕ ಮೊಬೈಲ್ ಇಟ್ಟುಕೊಂಡು ವಿಡಿಯೊ ನೋಡುತ್ತ, ಮುದ್ದೆಯನ್ನು ನೀರಿನ ಲೋಟದಲ್ಲಿ ಅದ್ದಿದ ಮಹಾನುಭಾವರು ಅವರು.

ನಾನು ಬೈದೆನೇ ಹೊರತು ತಡೆಯಲಿಲ್ಲ. ನಾನು ಪ್ರೈಮರಿ ಶಾಲೆಯ ಮೇಡಂ, ಅವರು ಹಳ್ಳಿ ಡೇರಿಗಳನ್ನು ನೋಡಿಕೊಳ್ಳುವ ಸೂಪರ್‌ವೈಸರ್. ಇಬ್ಬರಿಗೂ ಒಟ್ಟಿಗೆ ಸಿಗುವುದು ಭಾನುವಾರ ಒಂದೇ. ಐದು ವರ್ಷದ ಮಗಳು ಚಿನ್ನು, ಜೀಪಿನ ಮೇಲೆ ಮನೆ ಬರುತ್ತದೆಂದು ಕುಣಿಯುತ್ತಿದ್ದಳು. ಅವಳು ಕುಣಿದರೆ ನನಗೆ ಅಷ್ಟೇ ಸಾಕು. ಯಾಕೆಂದರೆ ಚಿನ್ನು ಒಬ್ಬಳೇ ಹುಟ್ಟಿದವಳಲ್ಲ.

ಅವಳ ಜೊತೆಗೆ ಒಂದು ಗಂಡು ಮಗು ಹುಟ್ಟಿತ್ತು. ಆಸ್ಪತ್ರೆಯಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮೂರನೇ ದಿನ ಹೋಯಿತು. ಹೊಲಿಗೆಯ ನೋವಿನಲ್ಲಿ ಮಂಚ ಬಿಟ್ಟು ಏಳಲಾರದ ನಾನು ಅವನ ಮುಖ ಕೂಡ ನೋಡಲಿಲ್ಲ. ಗಂಡಸರು ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು, ಬರಿಗೈಯಲ್ಲಿ ಬಂದರು. ಎಲ್ಲಿ ಮಣ್ಣು ಮಾಡಿದಿರಿ ಎಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಇವರ ಮನೆಯಲ್ಲಿ ಹೆತ್ತವಳಿಗೆ ಆ ಜಾಗ ತೋರಿಸುವುದಿಲ್ಲ. ತೋರಿಸಿದರೆ ಅವಳು ಮತ್ತೆ ಮತ್ತೆ ಹೋಗುತ್ತಾಳೆ, ಅವಳ ಹಿಂದೆ ಅದೂ ಬರುತ್ತದೆ ಎಂಬ ನಂಬಿಕೆ.

ಅತ್ತೆ ಸೋಮಮ್ಮ ಇನ್ನೊಂದು ಮಾತನ್ನೂ ಹೇಳಿದ್ದರು. "ಜೊತೇಲ್ ಬಂದಿದ್ದು ಜೊತೆ ಕೇಳ್ತದೆ ಕಣವ್ವ. ಈ ಮಗೀನ ಮುಂದೆ ಅದ್ರ ಸುದ್ದಿ ಎತ್ಬ್ಯಾಡ."

ನಾನು ಎತ್ತಲಿಲ್ಲ. ಆದರೆ ಆ ಮಾತಿನ ಭಯ ಐದು ವರ್ಷದಿಂದ ನನ್ನ ಹೊಟ್ಟೆಯಲ್ಲಿ ಕೂತಿತ್ತು. ಚಿನ್ನುವಿನ ಮೈ ಸ್ವಲ್ಪ ಬಿಸಿಯಾದರೂ, ಅವನು ಇವಳನ್ನು ಕರೆಯುತ್ತಿದ್ದಾನೋ ಏನೋ ಎಂದು ಜೀವ ಹಾರಿಹೋಗುತ್ತಿತ್ತು.

ಬಾಬುರಾಯನಕೊಪ್ಪಲಿನಲ್ಲಿ ಮೈಸೂರು ರಸ್ತೆಯ ಪಕ್ಕ ನಾಗರಾಜು ಎಂಬುವನ ಶೆಡ್ಡಿದೆ. ಜೀಪುಗಳಿಗೆ ಕ್ಯಾರಿಯರ್, ಏಣಿ, ಪೆಟ್ಟಿಗೆ ಕೂರಿಸುವುದು ಅವನ ಕಸುಬು. ನಮ್ಮ ಹಳೇ ಜೀಪಿನ ಮೇಲೆ ಕ್ಯಾರಿಯರ್ ಬಿಗಿದು, ಟೆಂಟುಗಳನ್ನು ಒಂದೊಂದಾಗಿ ಕೊಟ್ಟು ಕಳಿಸಲು ಅವನೇ ಒಪ್ಪಿಕೊಂಡ.

"ಬರೀ ಕಣ್ಣಲ್ ನೋಡಿ ಒಪ್ಕಬ್ಯಾಡಣ್ಣ. ತಕೊಂಡೋಗಿ ಒಂದ್ಸಲ ಮನೀಕೊಂಡು ನೋಡು. ಸರಿ ಬಂದ್ರೆ ಮಡೀಕೊ, ಇಲ್ದಿದ್ರೆ ವಾಪಸ್ ತಂದ್ಬುಡು," ಎಂದ. ಮೊದಲು ಕೊಟ್ಟದ್ದು ಬಟ್ಟೆಯ ಟೆಂಟು. "ಇದು ಮೂರು ಜನಕ್ಕೆ ಅಳತೆ ಮಾಡ್ದಂಗದೆ. ಒಳಗಿನ ಫೋಮ್ ಆಸ್ಗೆ ಒಸಾದು, ಇನ್ನೂ ಯಾರೂ ಬೆನ್ನು ತಾಗ್ಸಿಲ್ಲ."

ಆ ಭಾನುವಾರ ಬೆಳಗೊಳದ ಹತ್ತಿರ ಪರಿಚಯದವರೊಬ್ಬರ ತೆಂಗಿನ ತೋಟದಲ್ಲಿ ಜೀಪು ನಿಲ್ಲಿಸಿದೆವು. ಬಿಸಿಲು ಚುರುಗುಟ್ಟುತ್ತಿತ್ತು. ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದು, ಮಧ್ಯಾಹ್ನದ ನಿದ್ದೆಗೆಂದು ಏಣಿ ಹತ್ತಿದೆವು. ಜೀಪಿನ ಸ್ಪ್ರಿಂಗು ಸಡಿಲ. ಭಾರ ಬಿದ್ದರೆ ಕುಯ್ಯೆಂದು ತಗ್ಗುತ್ತದೆ. ರವೀಂದ್ರ ಹತ್ತಿದಾಗ ಚೆನ್ನಾಗಿಯೇ ತಗ್ಗಿತು. ನಾನು ಹತ್ತಿದಾಗ ಇನ್ನೂ ಚೆನ್ನಾಗಿ ತಗ್ಗಿತೆಂದು ಅವರು ಹಲ್ಲು ಕಿರಿದರು. ಚಿನ್ನು ಹತ್ತಿದಾಗ ಒಂದಿಷ್ಟೇ ಇಷ್ಟು, ಕುಯ್.

ಮೂವರೂ ಮಲಗಿದೆವು. ಗಾಳಿ ಇರಲಿಲ್ಲ. ತೆಂಗಿನ ಗರಿ ಕೂಡ ಅಲ್ಲಾಡುತ್ತಿರಲಿಲ್ಲ. ಆಗ ಏಣಿಯ ಕಡೆಗೆ ಜೀಪು ಇನ್ನೊಂದು ಸಲ ತಗ್ಗಿತು. ಒಂದಿಷ್ಟೇ ಇಷ್ಟು. ಕುಯ್.

"ಯಾರದು?" ಎಂದು ರವೀಂದ್ರ ಜಿಪ್ಪು ಸರಿಸಿ ಇಣುಕಿದರು. ಏಣಿಯ ಮೇಲೆ ಯಾರೂ ಇರಲಿಲ್ಲ. "ಸ್ಪ್ರಿಂಗು ಕೂತ್ಕತಾ ಅದೆ ಕಣೆ, ಮನೀಕೊ," ಎಂದರು.

ಚಿನ್ನು ಕಣ್ಣು ಮುಚ್ಚಿಕೊಂಡೇ ನನ್ನ ಕಡೆಗೆ ಸರಿದಳು. ಅವಳ ಆಚೆ ಬದಿಗೆ, ಬಟ್ಟೆಯ ಗೋಡೆಯ ಪಕ್ಕ, ಸಾಕಷ್ಟು ಜಾಗ ಬಿಟ್ಟಿದ್ದಳು.

"ಯಾಕೆ ಚಿನ್ನು ಇಷ್ಟು ಒತ್ತರಿಸ್ತೀಯ? ಆ ಕಡೆ ಜಾಗ ಇದೆಯಲ್ಲ," ಎಂದೆ.

"ಇಲ್ಲ," ಎಂದಳು. ಅಷ್ಟು ಹೇಳಿ ನಿದ್ದೆ ಹೋದಳು. ನನಗೆ ರೆಪ್ಪೆ ಮುಚ್ಚಲಾಗಲಿಲ್ಲ.

ಮಾರನೇ ದಿನ ಸಂಜೆ ಟೆಂಟು ವಾಪಸು ಕೊಡಲು ಹೋದೆವು. ಬಟ್ಟೆ ಮಡಿಸುವುದು ರಗಳೆ ಎಂದು ರವೀಂದ್ರರ ತೀರ್ಪಾಗಿತ್ತು. ನಾಗರಾಜು ಅದನ್ನು ಶೆಡ್ಡಿನ ನೆಲದ ಮೇಲೆ ಬಿಚ್ಚಿ ಹಾಸಿಗೆ ನೋಡಿದ. ಹೊಸ ಫೋಮಿನಲ್ಲಿ ಮಲಗಿದವರ ಮೈಯಚ್ಚು ಒಂದೆರಡು ದಿನ ಉಳಿದು, ಆಮೇಲೆ ತಾನೇ ಉಬ್ಬಿಕೊಳ್ಳುತ್ತದಂತೆ. ಅವನ ಹುಬ್ಬು ಗಂಟಾಯಿತು.

"ಏನಣ್ಣಾ, ಮೂರು ಜನದ್ದು ಅಂತ ಬಾಯ್ಬುಟ್ಟು ಏಳಿರ್ಲಿಲ್ವಾ? ನಾಕು ಜನ ಮನೀಕೊಂಡ್ರೆ ಆಸ್ಗೆ ಅಂಚು ಕಿತ್ತೋಯ್ತದೆ."

"ಮೂರೇ ಜನ ಕಣಯ್ಯ," ಎಂದರು ರವೀಂದ್ರ.

"ಅಂಗಾರೆ ಇದ್ಯಾರ್ದು?"

ಹಾಸಿಗೆಯಲ್ಲಿ ಒಂದು ದೊಡ್ಡ ತಗ್ಗು, ಅದರ ಪಕ್ಕ ಇನ್ನೊಂದು. ಆಮೇಲೆ ಎರಡು ಚಿಕ್ಕವು, ಒಂದಕ್ಕೊಂದು ಒತ್ತಿಕೊಂಡು. ಆ ಎರಡೂ ಒಂದೇ ಉದ್ದವಿದ್ದವು. ಮೊಣಕಾಲು ಮಡಚಿಕೊಂಡು ಮಲಗುವುದು ಚಿನ್ನುವಿನ ಅಭ್ಯಾಸ. ಎರಡರಲ್ಲೂ ಮೊಣಕಾಲಿನ ಗುರುತಿತ್ತು, ಎದುರುಬದುರಾಗಿ.

"ಚಿನ್ನು ಒಳ್ಳಾಡಿರ್ಬೇಕು ಬುಡು," ಎಂದರು ರವೀಂದ್ರ. ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಲಿಲ್ಲ.

ಅಲ್ಲಿಗೇ ನಿಲ್ಲಿಸಬೇಕಿತ್ತು ಎನ್ನುತ್ತೀರಿ. ನನಗೆ ಹೆದರಿಕೆ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬಂದವನು ಅವನೇ ಆದರೆ, ಯಾಕೆ ಬಂದ? ಚಿನ್ನುವನ್ನು ಕರೆದುಕೊಂಡು ಹೋಗಲಿಕ್ಕೋ? ಅದು ಗೊತ್ತಾಗದೆ ಬಾಗಿಲು ಹಾಕಿಕೊಂಡು ಕೂರುವುದು ನನ್ನಿಂದ ಆಗದ ಕೆಲಸ. ನನ್ನನ್ನು ಹೆದರಿಸಿದವರ ಎದುರಿಗೇ ಹೋಗಿ ನಿಲ್ಲುವುದು ನನ್ನ ಹುಟ್ಟುಗುಣ. ಇನ್ನೊಂದು ಟೆಂಟು ನೋಡೋಣ ಎಂದು ನಾನೇ ಹೇಳಿದೆ.

ನಾಗರಾಜು ಈ ಸಲ ಗಟ್ಟಿ ಮುಚ್ಚಳದ ಟೆಂಟು ಕೂರಿಸಿ, ಜೀಪಿನ ಪಕ್ಕೆಗೆ ಒಂದು ಅಲ್ಯೂಮಿನಿಯಂ ಪೆಟ್ಟಿಗೆಯನ್ನೂ ಬೋಲ್ಟು ಮಾಡಿದ. ಅದರ ಬಾಯಿಗೆ ಸುತ್ತಲೂ ರಬ್ಬರ್ ಬೀಡಿಂಗ್ ಇತ್ತು. "ಇದ್ರೊಳಕ್ಕೆ ಒಂದ್ ಚೂರು ಧೂಳು ಓದ್ರೆ ನನ್ ಎಸ್ರು ಬದ್ಲಾಯ್ಸಿ ಮೇಡಮ್ಮೋರೆ," ಎಂದ. ಬೀಗ ಹಾಕಿ ಕೀಲಿಯನ್ನು ರವೀಂದ್ರರ ಕೈಗೆ ಕೊಟ್ಟ.

ಎರಡನೇ ಭಾನುವಾರ ನಾಗಮಂಗಲದ ಆಚೆ ಬಂಡೆಗಳ ನಡುವೆ ನಿಲ್ಲಿಸಿದೆವು. ಅಲ್ಲಿ ಕೆಂಪು ನೆಲ, ಹರಳು ಹರಳು. ತಿಂಗಳಿಂದ ಒಂದು ಹನಿ ಬಿದ್ದಿರಲಿಲ್ಲ. ಮೂವರೂ ಹತ್ತಿ ಮಲಗಿದೆವು. ನಾನು ಉಸಿರು ಬಿಗಿ ಹಿಡಿದು ಕಾದೆ. ಕುಯ್. ಈ ಸಲ ರವೀಂದ್ರ ಯಾರದು ಎಂದು ಕೇಳಲಿಲ್ಲ. ಕಣ್ಣು ಬಿಟ್ಟುಕೊಂಡು ಮುಚ್ಚಳವನ್ನೇ ನೋಡುತ್ತ ಬಿದ್ದಿದ್ದರು. ನಾನು ಚಿನ್ನುವನ್ನು ಎದೆಗೆ ಅವುಚಿಕೊಂಡೆ. ಅವಳ ಬೆನ್ನ ಹಿಂದಿನ ಹಾಸಿಗೆ ಮೆಲ್ಲಗೆ ತಗ್ಗಿದ್ದನ್ನು ನನ್ನ ಕಣ್ಣಾರೆ ಕಂಡೆ.

ಎದ್ದ ಮೇಲೆ ರವೀಂದ್ರ ಟೀ ಕಾಯಿಸಲು ಒಲೆ ಬೇಕೆಂದು ಕೆಳಗಿಳಿದು ಪೆಟ್ಟಿಗೆಯ ಬೀಗ ತೆಗೆದರು. ಒಳಗೆ ಒಲೆಯ ಮೇಲೆ, ಹಗ್ಗದ ಮೇಲೆ, ಚಿನ್ನು ಇಟ್ಟಿದ್ದ ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿ ಮಣ್ಣು. ಕಪ್ಪು ಮಣ್ಣು, ಬೆರಳಿಗೆ ಅಂಟುವಂಥದ್ದು, ನಡುವೆ ಒಂದು ಭತ್ತದ ಕೂಳೆಯ ಚೂರು. ರೈತರ ಮನೆಯವಳಿಗೆ ಗದ್ದೆ ಮಣ್ಣಿನ ವಾಸನೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸುತ್ತ ಕಣ್ಣು ಹಾಯುವಷ್ಟು ದೂರ ಒಂದು ಗದ್ದೆಯೂ ಇರಲಿಲ್ಲ.

ರವೀಂದ್ರ ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ಉಜ್ಜಿ ನೋಡಿದರು. ಕುಡಿಯಲು ತಂದಿದ್ದ ನೀರನ್ನೆಲ್ಲ ಸುರಿದು ಪೆಟ್ಟಿಗೆ ತೊಳೆದರು.

"ಟೆಂಟೂ ಬ್ಯಾಡ, ಪೆಟ್ಗೆನೂ ಬ್ಯಾಡ. ನಾಳೀಕೆ ವಾಪಸ್ ಕೊಟ್ಬುಡೋವ," ಎಂದರು.

"ಅದು ಯಾವ ಗದ್ದೆ ಮಣ್ಣು?"

ಅವರು ಪೆಟ್ಟಿಗೆಗೆ ಮತ್ತೆ ಬೀಗ ಹಾಕಿದರು.

"ಮುಂದಿನ ಭಾನುವಾರ ನಿಮ್ಮೂರಿಗೆ, ನಮ್ಮ ಗದ್ದೆಗೇ ಹೋಗೋಣ ರೀ," ಎಂದೆ. "ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ."

ಬೇಡವೆನ್ನಲು ಅವರಿಗೆ ಒಂದು ಕಾರಣ ಬೇಕಿತ್ತು. ಇದ್ದ ಕಾರಣವನ್ನು ಹೇಳುವಂತಿರಲಿಲ್ಲ. ಟೆಂಟು ಇನ್ನೊಂದು ವಾರ ಜೀಪಿನ ಮೇಲೇ ಉಳಿಯಿತು.

ಇವರ ಊರು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಗೋವಿಂದನಹಳ್ಳಿಯಿಂದ ಸ್ವಲ್ಪ ದೂರ. ಹಬ್ಬ ಹುಣ್ಣಿಮೆಗೆ ಊರಿನ ಮನೆಗೆ ಬರುತ್ತಿದ್ದೆವು, ಆದರೆ ಮಕ್ಕಳು ಹುಟ್ಟಿದ ಮೇಲೆ ನನ್ನನ್ನು ಒಮ್ಮೆಯೂ ಗದ್ದೆಯ ಕಡೆ ಕರೆದುಕೊಂಡು ಹೋಗಿರಲಿಲ್ಲ. ಕೆಸರು, ಹಾವು, ಬಿಸಿಲು, ಏನೋ ಒಂದು ನೆಪ. ಇಷ್ಟು ದಿನ ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಆ ಭಾನುವಾರ ಊರಿನ ಮನೆಯ ಮುಂದೆ ಜೀಪು ನಿಂತಾಗ ಅತ್ತೆ ಹೊರಗೆ ಬಂದರು. ಎಲ್ಲಿಗೆ ಹೊರಟಿದ್ದೇವೆಂದು ಕೇಳಿ ಅವರ ಮುಖ ಬಿಳಿಚಿತು.

"ಮಗೀನ ಅಲ್ಲಿಗೆ ಕರ್ಕೊಂಡೋಗ್ಬ್ಯಾಡ ಕಣವ್ವ, ನಿನ್ ಕಾಲ್ಗೆ ಬೀಳ್ತೀನಿ."

"ಅಲ್ಲಿ ಏನಿದೆ ಅತ್ತೆ?"

ಅವರು ಮಗನ ಕಡೆ ನೋಡಿದರು. ಮಗ ಸ್ಟೀರಿಂಗಿನ ಕಡೆ ನೋಡುತ್ತಿದ್ದರು. ನಾನು ಜೀಪಿನ ಬಾಗಿಲು ಎಳೆದುಕೊಂಡೆ.

ಕೊಯ್ಲು ಮುಗಿದು ಗದ್ದೆ ಬಯಲಾಗಿತ್ತು. ರವೀಂದ್ರ ದಾರಿಯ ಪಕ್ಕದಲ್ಲೇ, ಸುಡು ಬಿಸಿಲಿನಲ್ಲಿ, ಓರೆ ನೆಲದಲ್ಲಿ ಜೀಪು ನಿಲ್ಲಿಸಲು ಹೋದರು. ಟೆಂಟು ಹಾಕುವ ಜಾಗ ಸಮತಟ್ಟಾಗಿರಬೇಕು, ನೆರಳಿರಬೇಕು ಎಂದು ಎರಡು ತಿಂಗಳು ನನಗೆ ಪಾಠ ಮಾಡಿದ ಮನುಷ್ಯ.

"ಅಪ್ಪ, ಇಲ್ಲಲ್ಲ. ಅಲ್ಲಿ ನಿಲ್ಸು, ಆ ಮರದ್ ತಾವ," ಎಂದಳು ಚಿನ್ನು. ಗದ್ದೆಯ ಕೊನೆಯ ಬದುವಿನಲ್ಲಿ ಒಂದು ಹೊಂಗೆ ಮರವಿತ್ತು. ಬುಡದಲ್ಲಿ ಸಮತಟ್ಟಾದ ನೆಲ, ತಂಪು ನೆರಳು.

"ಅಲ್ಲಿ ಬ್ಯಾಡ!"

ಆ ದನಿಯನ್ನು ನಾನು ಅವರ ಬಾಯಲ್ಲಿ ಯಾವತ್ತೂ ಕೇಳಿರಲಿಲ್ಲ. ಹೇಳಿದ ಮೇಲೆ ಏನು ಹೇಳಿಬಿಟ್ಟೆನೆಂದು ಅವರಿಗೇ ಗೊತ್ತಾಯಿತು. ಸ್ಟೀರಿಂಗಿನಿಂದ ಕೈ ಜಾರಿ ತೊಡೆಯ ಮೇಲೆ ಬಿತ್ತು. ಐದು ವರ್ಷ ಮುಚ್ಚಿಟ್ಟದ್ದು ಎರಡು ಮಾತಿನಲ್ಲಿ ಬಯಲಾಗಿತ್ತು.

"ಅಲ್ಲೇ ನಿಲ್ಲಿಸಿ," ಎಂದೆ.

ನಿಲ್ಲಿಸಿದರು. ಮುಚ್ಚಳ ಎತ್ತಿ ಏಣಿ ಇಳಿಬಿಟ್ಟರು. ಅವರು ಹತ್ತಿದರು, ಚಿನ್ನು ಹತ್ತಿದಳು, ನಾನು ಹತ್ತಿದೆ. ಆಮೇಲೆ ನಾನು ಕಾದೆ. ಜೀಪು ತಗ್ಗಲಿಲ್ಲ. ಒಂದು ಹಕ್ಕಿ ಕೂಗಿ ಸುಮ್ಮನಾಯಿತು. ಸ್ಪ್ರಿಂಗು ಕುಯ್ಯೆನ್ನಲಿಲ್ಲ. ಎರಡು ಭಾನುವಾರ ಯಾವುದಕ್ಕೆ ಹೆದರಿ ಬೆವರಿದ್ದೆನೋ ಅದೇ ಬರಲಿಲ್ಲವಲ್ಲ ಎಂದು ಏಣಿಯನ್ನೇ ನೋಡತೊಡಗಿದೆ.

ಬೋರಲು ಮಲಗಿ ಏಣಿಯ ಕಡೆ ತಲೆ ಹಾಕಿದ್ದ ಚಿನ್ನು, ಕೆಳಗೆ ನೋಡುತ್ತ ತಲೆದೂಗಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಮ್ಮ, ಅವ್ನು ಮ್ಯಾಕ್ ಬರಾಕಿಲ್ವಂತೆ."

"ಯಾರು ಚಿನ್ನು?"

"ಅವ್ನು," ಎಂದಳು, ಇದೆಂಥ ಪ್ರಶ್ನೆ ಎನ್ನುವ ಹಾಗೆ. "ಕೆಳಕ್ ಬಾ ಅಂತ ಕರೀತಾವ್ನೆ."

ಕೇಳಬಾರದೆಂದುಕೊಂಡೆ. ಆದರೂ ಕೇಳಿದೆ. "ನಿನ್ನನ್ನಾ?"

"ನನ್ಯಾಕೆ? ನಾನ್ ದಿನಾ ಸಿಕ್ತೀನಲ್ಲ. ನಿನ್ನೇ ಕರೀತಾವ್ನೆ. ಅವ್ನು ಅಮ್ಮನ್ನ ನೋಡೇ ಇಲ್ವಂತೆ."

ರವೀಂದ್ರ ನನ್ನ ರಟ್ಟೆ ಹಿಡಿದುಕೊಂಡರು. ಅವರ ಕಣ್ಣಿಂದ ದಳದಳ ನೀರು ಇಳಿಯುತ್ತಿತ್ತು. "ಓಗ್ಬ್ಯಾಡ ಕಣೆ. ನನ್ ಕೈಯ್ಯಾರೆ ಮಣ್ಣು ಮಾಡಿವ್ನಿ, ಅಲ್ಲೇನೂ ಇಲ್ಲ."

"ಚಿನ್ನೂನ ಹಿಡ್ಕೊಂಡಿರಿ. ಏನಾದರೂ ಬಿಡಬೇಡಿ," ಎಂದು ಕೈ ಬಿಡಿಸಿಕೊಂಡೆ.

ಏಣಿ ಇಳಿದು, ಹೊಂಗೆಯ ಬುಡದಲ್ಲಿ ಕಾಲು ಚಾಚಿ ಕೂತೆ. ನೆಲ ಬೆಚ್ಚಗಿತ್ತು. ಕರೆಯೋಣವೆಂದರೆ ಅವನಿಗೆ ನಾವು ಒಂದು ಹೆಸರೂ ಇಟ್ಟಿರಲಿಲ್ಲ. ಬಂದಿದ್ದೀನಿ ಕಂದ ಎಂದಷ್ಟೇ ಹೇಳಿದೆ. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಮೆಲ್ಲಗೆ ನನ್ನ ತೊಡೆ ಭಾರವಾಯಿತು. ಮೂರು ದಿನದ ಕೂಸಿನ ಭಾರವಲ್ಲ. ಐದು ವರ್ಷದ ಹುಡುಗ ತಲೆಯಿಟ್ಟು ಮಲಗಿದಾಗ ಆಗುವ ಭಾರ.

ಮೇಲಿನಿಂದ ರವೀಂದ್ರ ಏನಾಯ್ತೆಂದು ಕೂಗಿದರು. ನಾನು ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದೆ. ಮಗು ಆಗಷ್ಟೇ ನಿದ್ದೆ ಹೋಗುತ್ತಿತ್ತು.