ಯಾರಿಗೂ ಹೇಳಲ್ಲ

ನಡುಸಾಗರದ ದ್ವೀಪವೊಂದರ ಬೆಟಿಯೊ ಬಂದರಿನ ಚಿಕ್ಕ ದವಾಖಾನೆಯ ಪಕ್ಕದಲ್ಲೇ ಊರಿನ ಸಭಾಮನೆ, ಮನಿಯಾಬಾ. ಅದರ ಗರಿಯ ಮಾಡಿನಡಿ ಬೆಳಗಿನಿಂದ ನಗುವೋ ನಗು. ಕಾನ್‌ಸ್ಟೇಬಲ್ ಇಯೊಟೆಬಾ ಹೂವಿನ ಲುಂಗಿಯನ್ನು ತಲೆಗೆ ಸುತ್ತಿಕೊಂಡು ಹುಡುಗಿಯಂತೆ ಮುದುಡಿ ಕೂತಿದ್ದ. ತರಬೇತಿಯ ಆಟದಲ್ಲಿ, ಎದುರಿಗೆ ಕೂತ ನರ್ಸ್ ಟೆಬೊರಾ ಅವನನ್ನು ಸಮಾಧಾನ ಮಾಡಬೇಕಿತ್ತು.

ಮೀನು ಹಿಡಿಯಲು ಬರುವ ಪರದೇಶದ ಹಡಗುಗಳು ಹವಳದ ಬಂಡೆಗಳು ಸುತ್ತುವರಿದ ಲಗೂನಿನಲ್ಲಿ ಲಂಗರು ಹಾಕುತ್ತವೆ. ಆ ಹಡಗುಗಳಿಗೆ ಹೋಗುವ, ಇಲ್ಲವೇ ಯಾರಾದರೂ ಪುಸಲಾಯಿಸಿ ಕರೆದೊಯ್ಯುವ ಹೆಣ್ಣುಮಕ್ಕಳು ಕೊನೆಗೆ ಬರುವುದು ದವಾಖಾನೆಗೆ, ಇಲ್ಲವೇ ಪೊಲೀಸ್ ಠಾಣೆಗೆ. ಅಲ್ಲಿ ಅವರ ಜೊತೆ ಹೇಗೆ ಮಾತಾಡಬೇಕು ಎಂದು ನರ್ಸುಗಳಿಗೂ ಪೊಲೀಸರಿಗೂ ಕಲಿಸಲು ಬಂದವಳು ಕಿನಾಯಿ. ಇದೇ ದ್ವೀಪದವಳು, ನಡುವಯಸ್ಸು, ದನಿ ಎತ್ತದೆ ಮಾತಾಡುವ ಹೆಂಗಸು.

"ಹೆದರ್‌ಬೇಡ ಕಣಮ್ಮ, ನಾನು ಯಾರಿಗೂ ಹೇಳಲ್ಲ," ಎಂದಳು ಟೆಬೊರಾ, ಇಯೊಟೆಬಾನ ಮೀಸೆ ನೋಡಿ ನಗು ತಡೆಯುತ್ತ.

ಕಿನಾಯಿ ಕೈ ಎತ್ತಿದಳು. "ಅಲ್ಲೇ ನಿಲ್ಲಿಸು. ಯಾರಿಗೂ ಹೇಳದೆ ಇರೋದು ನಿನ್ನ ಕೈಲಿದೆಯಾ? ಅವಳು ಚಿಕ್ಕ ಹುಡುಗಿಯಾಗಿದ್ರೆ? ಇನ್ಯಾರದೋ ಜೀವ ಅಪಾಯದಲ್ಲಿದ್ರೆ? ನಡೆಸಿಕೊಡೋಕಾಗದ ಮಾತು ಕೊಡಬೇಡ ತಾಯಿ. ಅವರಿಗೆ ಅಂಥ ಮಾತು ಕೊಟ್ಟವರು ಈಗಾಗಲೇ ಬೇಕಾದಷ್ಟು ಜನ ಇದಾರೆ."

ಟೆಬೊರಾ ತಲೆಯಾಡಿಸಿದಳು. ಒಳಗೊಳಗೇ ಸಿಟ್ಟೂ ಬಂತು. ಇಷ್ಟು ವರ್ಷ ಗಾಯ ತೊಳೆದವಳಿಗೆ ಮಾತಾಡುವುದನ್ನು ಕಲಿಸುತ್ತಾರಂತೆ.

ಊಟಕ್ಕೆ ಹಲಸಿನಂಥ ಬ್ರೆಡ್‌ಫ್ರೂಟ್ ಕಾಯಿ ಸುಟ್ಟು ಬಿಡಿಸುತ್ತಿರುವಾಗ ದವಾಖಾನೆಯ ಆಯಾ ಓಡಿ ಬಂದಳು. "ಟೆಬೊರಾ, ಒಂದು ಹುಡುಗಿ ಬಂದಿದಾಳೆ. ನೀರಲ್ಲಿ ನೆಂದು ತೊಪ್ಪೆಯಾಗಿದಾಳೆ. ಕಾಲೆಲ್ಲ ರಕ್ತ."

ಟೆಬೊರಾ ಕಿನಾಯಿಯ ಮುಖ ನೋಡಿದಳು. "ನೀನೊಬ್ಬಳೇ ಹೋಗು," ಎಂದಳು ಕಿನಾಯಿ. "ಜನ ಜಾಸ್ತಿಯಾದ್ರೆ ಬೆದರ್ತಾಳೆ. ನಾನು ಇಲ್ಲೇ ಇರ್ತೀನಿ."

ಹುಡುಗಿಯ ಹೆಸರು ರೂಸಿಯಾನಾ. ಇಪ್ಪತ್ತು ದಾಟಿರಬಹುದು. ಹಡಗಿನಿಂದ ದಡಕ್ಕೆ ಬರುತ್ತಿದ್ದ ಮೋಟಾರು ದೋಣಿಯಿಂದ ಹಾರಿ ಈಜಿಕೊಂಡು ಬಂದಿದ್ದಳು. ಹವಳದ ಬಂಡೆ ತಾಗಿ ಪಾದ ಸೀಳಿತ್ತು. ಮಣಿಕಟ್ಟಿನ ಮೇಲಿನ ಕಂದುಗಟ್ಟಿದ ಬೆರಳ ಗುರುತುಗಳು ಮಾತ್ರ ಬಂಡೆಯವಲ್ಲ. ಯಾಕಮ್ಮಾ ಹೋದೆ ಎಂಬ ಪ್ರಶ್ನೆ ಟೆಬೊರಾಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು ಗಾಯ ತೊಳೆಯತೊಡಗಿದಳು.

"ಸಿಸ್ಟರ್, ಒಂದು ಮಾತು ಹೇಳ್ತೀನಿ. ಯಾರಿಗೂ ಹೇಳಲ್ಲ ಅನ್ನು."

ಹುಡುಗಿ ಗಡಗಡ ನಡುಗುತ್ತಿದ್ದಳು. ಆ ನಡುಕ ನಿಂತರೆ ಸಾಕಾಗಿತ್ತು ಟೆಬೊರಾಳಿಗೆ. ಬಾಯಿ ತಾನಾಗಿಯೇ ಆಡಿಬಿಟ್ಟಿತು. "ಹೇಳಲ್ಲ ಕಣಮ್ಮ. ಯಾರಿಗೂ ಹೇಳಲ್ಲ."

"ನಮ್ಮ ಚಿಕ್ಕಮ್ಮನ ಮಗಳು ತಾಬೆಟಾ ಅಲ್ಲೇ ಇದಾಳೆ. ಇನ್ನೂ ಸ್ಕೂಲಿಗೆ ಹೋಗೋಳು. ಅಡುಗೆ ಕೆಲಸಕ್ಕೆ ಅಂತ ಏಜೆಂಟ್ ಕರ್ಕೊಂಡು ಹೋದ. ರೂಮಲ್ಲಿ ಕೂಡಿ ಬೀಗ ಹಾಕಿದಾರೆ. ಉಬ್ಬರ ಬಂದ ತಕ್ಷಣ ಹಡಗು ಹೊರಡುತ್ತೆ."

ಟೆಬೊರಾಳ ಕೈ ನಿಂತಿತು. ಕಿಟಕಿಯಾಚೆ ಲಗೂನಿನ ನೀರು ಆಗಲೇ ಕಲ್ಲುಕಟ್ಟೆಯನ್ನು ಏರುತ್ತಿತ್ತು. ದೂರದಲ್ಲಿ ಸಾಲಾಗಿ ನಿಂತ ಹಡಗುಗಳು, ಎಲ್ಲವೂ ಒಂದೇ ತರಹ, ತುಕ್ಕು ಹಿಡಿದ ಬಿಳಿ.

"ಯಾವ ಹಡಗು?"

"ಅದು ಯಾಕೆ ನಿಂಗೆ? ಹೇಳಲ್ಲ ಅಂದೆಯಲ್ಲ. ನಾನು ಬಾಯಿಬಿಟ್ಟೆ ಅಂತ ಗೊತ್ತಾದ್ರೆ ಅವಳನ್ನೇ ಏನಾದ್ರೂ ಮಾಡ್ತಾರೆ."

ಬಟ್ಟೆ ತರುತ್ತೇನೆಂದು ಟೆಬೊರಾ ಹೊರಗೆ ಬಂದಳು. ಮನಿಯಾಬಾದ ಕಂಬಕ್ಕೆ ಒರಗಿ ನಿಂತಿದ್ದ ಕಿನಾಯಿಗೆ ಹೆಸರು ಹೇಳಲಿಲ್ಲ, ಹಡಗಿನ ಸುದ್ದಿ ಎತ್ತಲಿಲ್ಲ. "ಅಕ್ಕಾ, ಬೆಳಿಗ್ಗೆ ನೀವು ಬೇಡ ಅಂದ ಮಾತನ್ನೇ ಕೊಟ್ಟುಬಿಟ್ಟೆ," ಎಂದಳು. ಕಣ್ಣು ತುಂಬಿತು.

ಕಿನಾಯಿ ಬೈಯಲಿಲ್ಲ. "ಇನ್ನೊಂದು ಜೀವದ ಪ್ರಶ್ನೆಯಾ?"

"ಹೂಂ."

"ಹಾಗಿದ್ರೆ ಮುರೀಲೇಬೇಕು. ಆದ್ರೆ ಬೆನ್ನ ಹಿಂದೆ ಅಲ್ಲ. ಅವಳ ಎದುರಿಗೇ ಮುರಿ. ಆಮೇಲೆ ಬಾಯಿ ಮುಚ್ಕೊಂಡು ಕಾಯಿ."

ಅಷ್ಟರಲ್ಲಿ ಗೇಟಿನ ಬಳಿ ಒಬ್ಬ ನಗುಮುಖದವನು ಬಂದು ನಿಂತ. ಇಸ್ತ್ರಿ ಅಂಗಿ, ಕೈಯಲ್ಲಿ ಫೋನು. ಹಡಗುಗಳ ಏಜೆಂಟ್ ಬಕಾಟು. ಇಯೊಟೆಬಾನ ತಾಯಿಯ ತಮ್ಮ.

"ಏನ್ ಅಳಿಯ, ಲುಂಗಿ ಸುತ್ಕೊಂಡು ಹೆಣ್ಣಾಗಿಬಿಟ್ಟೆಯಾ?" ಎಂದು ನಕ್ಕ. "ನಮ್ಮ ದೋಣಿಯಿಂದ ಒಂದು ಹುಡುಗಿ ಬಿದ್ದುಹೋದ್ಳು. ಪಾಪ, ಕುಡಿದಿದ್ಳು. ಇಲ್ಲಿಗೇನಾದ್ರೂ ಬಂದ್ಳಾ? ಮನೆಗೆ ಬಿಡ್ತೀನಿ."

ಇಯೊಟೆಬಾ ತಲೆಯ ಲುಂಗಿ ಬಿಚ್ಚಿದ. ಕಿಟಕಿಯಲ್ಲಿ ರೂಸಿಯಾನಾಳ ಮುಖ ಕಾಣಿಸಿ ಮರೆಯಾಯಿತು.

ಟೆಬೊರಾ ಒಳಗೆ ಓಡಿದಾಗ ಹುಡುಗಿ ಕುಂಟುತ್ತ ಹಿಂಬಾಗಿಲ ಹತ್ತಿರ ಹೋಗಿದ್ದಳು. ನೆಲದ ತುಂಬ ರಕ್ತದ ಹೆಜ್ಜೆಗಳು.

"ಕರೆಸಿಬಿಟ್ಟೆಯಲ್ಲ ಅವನನ್ನ! ಪೊಲೀಸ್ನೋನೂ ಅವನ ಕಡೆಯೋನೇ!"

"ನಾನು ಕರೆಸಿಲ್ಲ. ಆದ್ರೆ ಇನ್ನೊಂದು ವಿಷಯ ಕೇಳು." ಟೆಬೊರಾ ಬಾಗಿಲಿಗೆ ಅಡ್ಡ ನಿಲ್ಲದೆ ಪಕ್ಕಕ್ಕೆ ಸರಿದಳು. "ಯಾರಿಗೂ ಹೇಳಲ್ಲ ಅಂದಿದ್ದು ತಪ್ಪು. ಆ ಮಾತು ಕೊಡೋ ಹಕ್ಕು ನಂಗಿರಲಿಲ್ಲ. ತಾಬೆಟಾ ಮಗು. ನಾನು ಪೊಲೀಸ್ರಿಗೆ ಹೇಳ್ತೀನಿ. ನಿಂಗೆ ತಿಳಿಸಿ ಹೇಳ್ತಿದೀನಿ, ಕದ್ದು ಅಲ್ಲ."

"ಸುಳ್ಳಿ! ನೀನೂ ಅವರಂಗೇ! ಬಣ್ಣದ ಮಾತಾಡಿ ಬಾಯಿ ಬಿಡಿಸ್ಕೊಂಡೆ!"

ಟೆಬೊರಾಳ ಬಾಯಿಗೆ ನೂರು ಸಮಜಾಯಿಷಿ ಬಂದವು. ಒಂದನ್ನೂ ಆಡಲಿಲ್ಲ. ಹೊರಗೆ ಬಕಾಟುವಿನ ನಗು ಕೇಳುತ್ತಿತ್ತು. ನೀರು ಕಲ್ಲಿಗೆ ಬಡಿಯುವ ಸದ್ದು ಹತ್ತಿರವಾದಂತಿತ್ತು. ಹಡಗು ಯಾವುದೆಂದು ಈ ಹುಡುಗಿ ಹೇಳದಿದ್ದರೆ ಪೊಲೀಸ್ ದೋಣಿ ಒಂದೊಂದನ್ನೇ ಹತ್ತಿ ನೋಡುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಭುಜ ಹಿಡಿದು ಅಲುಗಿಸಿ ಕೇಳಬೇಕೆನಿಸಿತು. ಆ ಮಣಿಕಟ್ಟಿನ ಗುರುತು ನೋಡಿ ತನ್ನೆರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡಳು.

ರೂಸಿಯಾನಾ ಹಿಂಬಾಗಿಲ ಚಿಲಕ ತೆಗೆದಳು. ಹೊಸಿಲಲ್ಲಿ ನಿಂತಳು. ನಿಂತೇ ಇದ್ದಳು.

"ಆ ಪೊಲೀಸ್ನೋನು ಹಡಗಿಗೆ ಹೋಗಕೂಡ್ದು," ಎಂದಳು ಕೊನೆಗೆ, ತಿರುಗಿ ನೋಡದೆ. "ಅವನ ಅಳಿಯ ಅಂತೆ."

"ಹೆಂಗಸೊಬ್ಬಳು ಸಾರ್ಜೆಂಟ್ ಇದಾಳೆ, ಮೆರೆ ಅಂತ. ಅವಳನ್ನ ಕರೀಲಾ?"

"ಕೊನೇದರ ಪಕ್ಕದ್ದು. ಹಸಿರು ಕ್ರೇನ್ ಇರೋದು. ಕೆಳಗಡೆ, ಅಡುಗೆಮನೆ ಹಿಂದೆ."

ಟೆಬೊರಾ ಹೇಳಿದ್ದು ಕಿನಾಯಿಯ ಫೋನಿನಿಂದ ಠಾಣೆಗೆ ಹೋಯಿತು, ಇಯೊಟೆಬಾನ ಕಿವಿಗೂ ಬಿತ್ತು. ಗೇಟಿನಲ್ಲಿ ಬಕಾಟುವಿನ ನಗು ಅಷ್ಟರಲ್ಲಿ ಅರ್ಧಕ್ಕೇ ನಿಂತಿತ್ತು. ಅವನಿಗೆ ಏನೋ ವಾಸನೆ ಹತ್ತಿತ್ತು. ಫೋನು ಕಿವಿಯ ಹತ್ತಿರ ಒಯ್ದ.

"ಮಾವ, ಫೋನ್ ಇಲ್ಲಿ ಕೊಡು," ಎಂದ ಇಯೊಟೆಬಾ.

"ತಮಾಷೆ ಸಾಕು."

"ತಮಾಷೆ ಅಲ್ಲ. ಕೊಟ್ಟುಬಿಡು. ಒಳಗೆ ಬಂದು ಚಾಪೆ ಮೇಲೆ ಕೂತ್ಕೊ."

"ನಿನ್ನ ಎತ್ತಿ ಆಡಿಸಿದ ಕೈ ಕಣೋ ಇದು! ನಿಮ್ಮಮ್ಮನಿಗೆ ಏನಂತ ಮುಖ ತೋರಿಸ್ತೀಯ?"

ಇಯೊಟೆಬಾ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಬೆಳಗಿನಿಂದ ನಗುತ್ತಿದ್ದ ನರ್ಸುಗಳೂ ತರಬೇತಿಗೆ ಬಂದಿದ್ದ ಬಂದರಿನ ಕಾವಲುಗಾರರೂ ಒಬ್ಬೊಬ್ಬರಾಗಿ ಎದ್ದು ಅವನ ಹಿಂದೆ ನಿಂತರು. ಬಕಾಟು ಅವರನ್ನೆಲ್ಲ ಒಂದು ಸಲ ನೋಡಿ ಫೋನನ್ನು ಅಳಿಯನ ಅಂಗೈಗೆ ಬಡಿದ.

ಪೊಲೀಸ್ ದೋಣಿ ತಿರುಗಿ ಬರುವಾಗ ನೀರು ತುಂಬಿ ನಿಂತಿತ್ತು. ಸಾರ್ಜೆಂಟ್ ಮೆರೆಯ ಮಳೆಕೋಟಿನೊಳಗೆ ಒಂದು ಪುಟ್ಟ ದೇಹ ಮುದುಡಿಕೊಂಡಿತ್ತು. ರೂಸಿಯಾನಾ ಕಟ್ಟು ಹಾಕಿದ ಕಾಲಲ್ಲೇ ಕಟ್ಟೆಯ ತುದಿಯವರೆಗೆ ಹೋದಳು. ತಾಬೆಟಾ ಅಕ್ಕನ ಕೊರಳಿಗೆ ಜೋತುಬಿದ್ದವಳು ಬಿಡಲೇ ಇಲ್ಲ.

ಬಕಾಟು ಲಾಕಪ್ಪಿಗೆ ಹೋದ. ಹಡಗನ್ನು ಹೊರಡದಂತೆ ತಡೆದರು. ಇಯೊಟೆಬಾನ ತಾಯಿ ಮಗನ ಜೊತೆ ಮಾತು ಬಿಟ್ಟಳು.

ತರಬೇತಿಯ ಕೊನೆಯ ದಿನ, ನಡೆದದ್ದನ್ನು ಹೇಳು ಎಂದು ಎಲ್ಲರೂ ಟೆಬೊರಾಳನ್ನು ಒತ್ತಾಯಿಸಿದರು. "ಅದು ನನ್ನ ಕತೆಯಲ್ಲ," ಎಂದು ಅವಳು ಕೂತಲ್ಲಿಂದ ಏಳಲಿಲ್ಲ. ಕಿನಾಯಿ ಬಲವಂತ ಮಾಡದೆ ಮುಂದಿನ ಪಾಠ ಎತ್ತಿಕೊಂಡಳು.

ಮುಂದಿನ ವಾರ ರೂಸಿಯಾನಾ ಕಾಲಿನ ಕಟ್ಟು ಬದಲಾಯಿಸಲು ಬಂದಳು. ಟೆಬೊರಾಳನ್ನು ಕಂಡು ಬಾಗಿಲಲ್ಲೇ ನಿಂತಳು.

"ಬೇರೆ ಸಿಸ್ಟರ್ ಯಾರೂ ಇಲ್ವಾ?"

"ಇದಾರೆ. ಕರೀತೀನಿ, ಕೂತ್ಕೊ."

ಟೆಬೊರಾ ಹತ್ತಿ, ಔಷಧಿಯ ತಟ್ಟೆಯನ್ನು ಇನ್ನೊಬ್ಬ ನರ್ಸಿನ ಕೈಗೆ ಕೊಟ್ಟಳು. ಪರದೆಯ ಆಚೆ ಆ ನರ್ಸು ಏನೋ ಕೇಳಿದ್ದೂ, ಹುಡುಗಿ ಮೆಲ್ಲಗೆ ಉತ್ತರ ಕೊಟ್ಟದ್ದೂ ಕೇಳಿಸಿತು. ಏನೆಂದು ತಿಳಿಯುವ ಮೊದಲೇ ಟೆಬೊರಾ ಅಲ್ಲಿಂದ ಸರಿದು, ಹೊರಗೆ ಬೆಂಚಿನ ಮೇಲೆ ಮಗುವನ್ನೆತ್ತಿಕೊಂಡು ಕೂತಿದ್ದ ತಾಯಿಯನ್ನು ಒಳಗೆ ಕರೆದಳು.